ಇಲ್ಲದ ಆದೇಶದ ಪ್ರತಿ

ಕೋಡಿಪಾಳ್ಯ, ದೊಡ್ಡಬಳ್ಳಾಪುರ ತಾಲ್ಲೂಕು
10 ಫೆಬ್ರವರಿ 2025

ಸಾರ್ವಜನಿಕ ಮಾಹಿತಿ ಅಧಿಕಾರಿಗಳು, ಸಾರಿಗೆ ವಿಭಾಗೀಯ ಕಚೇರಿ, ಇವರಿಗೆ

ಮಾನ್ಯರೇ,

ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಕಚೇರಿಯವರು ಉತ್ತರ ಕೊಡಲೇಬೇಕು ಎಂದು ನಮ್ಮ ಪಂಚಾಯಿತಿ ಗ್ರಂಥಾಲಯದ ಶಿಲ್ಪ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದ್ದೇನೆ.

ನಮ್ಮೂರಿಂದ ಮುಖ್ಯರಸ್ತೆಗೆ ಬಂದರೆ ಕೋಡಿಪಾಳ್ಯ ಗೇಟ್ ಸಿಗುತ್ತದೆ. ನೆಲಮಂಗಲದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಸರ್ಕಾರಿ ಬಸ್ಸುಗಳು ನಾನು ಮದುವೆಯಾಗಿ ಬಂದಾಗಿನಿಂದಲೂ ಅಲ್ಲಿ ನಿಲ್ಲುತ್ತಿದ್ದವು. ಕಳೆದ ದೀಪಾವಳಿ ಹೊತ್ತಿಗೆ ರಸ್ತೆ ಅಗಲ ಮಾಡಿದರು, ತಂಗುದಾಣ ಕೆಡವಿದರು. ಆಮೇಲೆ ಒಂದು ಬಸ್ಸೂ ನಿಂತಿಲ್ಲ. ಕೈ ಅಡ್ಡ ಹಿಡಿದರೆ ಡ್ರೈವರು ಮುಂದಕ್ಕೆ ಕೈ ಬೀಸಿ ತೋರಿಸಿ ಹೋಗಿಬಿಡುತ್ತಾರೆ. ಮುಂದೆ ಎಂದರೆ ಕೆರೆ ಏರಿಯ ಆಚೆ ಇರುವ ಕ್ರಾಸು.

ನನ್ನ ಯಜಮಾನರು ಮನೋಹರ್, ನೇಯ್ಗೆಯವರು. ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ಮಂಗಳವಾರ, ಶುಕ್ರವಾರ ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಬೇಕು. ಹೋಗುವಾಗ ಹೇಗೋ ಕ್ರಾಸಿನವರೆಗೆ ನಡೆಯುತ್ತಾರೆ. ಬರುವಾಗ ಆಗುವುದಿಲ್ಲ. ಏರಿಯ ಮೇಲೆ ಕೂತುಬಿಟ್ಟು, "ನೀನ್ ನಡಿ, ಒಂದ್ ಗಳಿಗೆ ಬಿಟ್ಟು ಬರ್ತೀನಿ" ಅನ್ನುತ್ತಾರೆ. ಲಾರಿಗಳು ಮೈಗೆ ತಾಗುವಂತೆ ಓಡುವ ರಸ್ತೆಯಲ್ಲಿ ಅವರೊಬ್ಬರನ್ನೇ ಬಿಟ್ಟು ನಾನು ಎಲ್ಲಿಗೆ ಹೋಗಲಿ?

ಬಸ್ಸು ಏಕೆ ನಿಲ್ಲಿಸುವುದಿಲ್ಲ? ನಿಲ್ಲಿಸಬೇಡಿ ಎಂದವರು ಯಾರು? ತಂಗುದಾಣ ಮತ್ತೆ ಯಾವಾಗ ಕಟ್ಟುತ್ತಾರೆ? ನಮ್ಮೂರಿನವರು ಮಾಡಿದ ತಪ್ಪೇನು? ದಯವಿಟ್ಟು ತಿಳಿಸಿ.

ಅರುಣಾ


ಸಾರಿಗೆ ವಿಭಾಗೀಯ ಕಚೇರಿ
5 ಮಾರ್ಚ್ 2025

ಶ್ರೀಮತಿ ಅರುಣಾ, ಕೋಡಿಪಾಳ್ಯ

ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದೆ. ಮಾಹಿತಿ ಹಕ್ಕು ನಿಯಮಗಳ ಪ್ರಕಾರ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಹಾಗೂ ನೂರೈವತ್ತು ಪದಗಳನ್ನು ಮೀರಿರಬಾರದು. ತಮ್ಮ ಅರ್ಜಿಯಲ್ಲಿ ಒಂದಕ್ಕಿಂತ ಹೆಚ್ಚು ವಿಷಯಗಳಿದ್ದು, ಪದಮಿತಿಯನ್ನೂ ಮೀರಿರುತ್ತದೆ.

ಅಲ್ಲದೆ, ಕಚೇರಿಯಲ್ಲಿ ಲಭ್ಯವಿರುವ ದಾಖಲೆಗಳ ಪ್ರತಿಯನ್ನು ಮಾತ್ರ ಒದಗಿಸಬಹುದಾಗಿದ್ದು, "ಏಕೆ" ಎಂಬ ಸ್ವರೂಪದ ಪ್ರಶ್ನೆಗಳು ಮಾಹಿತಿಯ ವ್ಯಾಖ್ಯೆಯಡಿ ಬರುವುದಿಲ್ಲ. ಆದ್ದರಿಂದ ಅರ್ಜಿಯನ್ನು ವಿಲೇ ಮಾಡಲಾಗಿದೆ. ನಿರ್ದಿಷ್ಟ ದಾಖಲೆಯನ್ನು ಕೋರಿ ಹೊಸದಾಗಿ ಅರ್ಜಿ ಸಲ್ಲಿಸಬಹುದು.

ದೇವರಾಜ್
ಸಾರ್ವಜನಿಕ ಮಾಹಿತಿ ಅಧಿಕಾರಿ


ಕೋಡಿಪಾಳ್ಯ
14 ಮಾರ್ಚ್ 2025

ಮಾಹಿತಿ ಅಧಿಕಾರಿ ದೇವರಾಜ್ ಅವರಿಗೆ,

ಹೊಸ ಅರ್ಜಿಯನ್ನು ನೀವು ಹೇಳುವ ನಮೂನೆಯಲ್ಲೇ ತುಂಬಿ ಇದರೊಂದಿಗೆ ಇಟ್ಟಿದ್ದೇನೆ. ಕೇಳಿರುವುದು ಒಂದೇ: ಕೋಡಿಪಾಳ್ಯ ಗೇಟ್ ನಿಲುಗಡೆಯನ್ನು ರದ್ದು ಮಾಡಿದ ಆದೇಶದ ಪ್ರತಿ.

ಶಿಲ್ಪ ಪಕ್ಕದಲ್ಲಿ ಕೂತು ಪದ ಎಣಿಸಿ ಎಣಿಸಿ ಹೊಡೆದು ಹಾಕಿದಳು. ತಂಗುದಾಣ ಹೋಯಿತು, ಲಾರಿ ಹೋಯಿತು, ಕೆರೆ ಏರಿ ಹೋಯಿತು. ಕೊನೆಗೆ ನನ್ನ ಯಜಮಾನರ ಹೆಸರೂ ಹೋಯಿತು. "ಅವ್ರಿಗ್ ಹುಷಾರಿಲ್ಲ ಅನ್ನೋದು ದಾಖಲೆ ಅಲ್ವಂತೆ ಅಕ್ಕ" ಎಂದಳು. ನಿಮ್ಮ ನೂರೈವತ್ತು ಪದಗಳಲ್ಲಿ ಅವರಿಗೆ ಜಾಗವಿಲ್ಲ, ಇರಲಿ. ಈ ಚೀಟಿ ಅರ್ಜಿಯಲ್ಲ, ಆದ್ದರಿಂದ ಇದರ ಪದಗಳನ್ನು ಎಣಿಸಬೇಡಿ.

ಅರುಣಾ


ಸಾರಿಗೆ ವಿಭಾಗೀಯ ಕಚೇರಿ
9 ಏಪ್ರಿಲ್ 2025

ಶ್ರೀಮತಿ ಅರುಣಾ, ಕೋಡಿಪಾಳ್ಯ

ತಾವು ಕೋರಿರುವ ಆದೇಶದ ಬಗ್ಗೆ ಘಟಕ ವ್ಯವಸ್ಥಾಪಕರಿಂದ ವರದಿ ಕೇಳಲಾಗಿದೆ. ರಸ್ತೆ ಅಗಲೀಕರಣವು ರಸ್ತೆ ಇಲಾಖೆಗೆ ಸಂಬಂಧಿಸಿದ್ದಾಗಿರುವುದರಿಂದ, ಅರ್ಜಿಯ ಪ್ರತಿಯನ್ನು ಸದರಿ ಇಲಾಖೆಗೂ ವರ್ಗಾಯಿಸಲಾಗಿದೆ. ಅವರಿಂದ ನೇರವಾಗಿ ಉತ್ತರ ಪಡೆಯುವುದು.

ದೇವರಾಜ್
ಸಾರ್ವಜನಿಕ ಮಾಹಿತಿ ಅಧಿಕಾರಿ


ಕೋಡಿಪಾಳ್ಯ
12 ಮೇ 2025

ದೇವರಾಜ್ ಅವರಿಗೆ,

ರಸ್ತೆ ಇಲಾಖೆಯವರು ಉತ್ತರ ಕಳಿಸಿದ್ದಾರೆ. ತಂಗುದಾಣ ತೆಗೆದದ್ದು ನಿಜ, ಬಸ್ಸು ನಿಲ್ಲಿಸುವುದೂ ಬಿಡುವುದೂ ಸಾರಿಗೆಯವರಿಗೆ ಬಿಟ್ಟದ್ದು ಎಂದಿದ್ದಾರೆ. ನೀವು ಅವರ ಕಡೆ ತೋರಿಸಿದಿರಿ, ಅವರು ನಿಮ್ಮ ಕಡೆ ತೋರಿಸಿದರು.

ಮೊನ್ನೆ ಬಸ್ಸಿನಲ್ಲಿ ಕಂಡಕ್ಟರನ್ನೇ ಕೇಳಿದೆ.

"ಈ ಸ್ಟಾಪ್ ಕ್ಯಾನ್ಸಲ್ ಆಗೈತಕ್ಕಾ. ಆರ್ಡರ್ ಐತೆ" ಅಂದ.

"ಯಾರ್ದಪ್ಪಾ ಆರ್ಡರು?"

"ಮೇಲಿಂದ."

"ಮೇಲೆ ಅಂದ್ರೆ ಎಲ್ಲಿ?"

"ಅದೆಲ್ಲಾ ನಮಗೇನ್ ಗೊತ್ತು? ನಿಲ್ಸಿದ್ರೆ ನಮಗೇ ಮೆಮೋ ಕೊಡ್ತಾರೆ."

ಕಂಡಕ್ಟರಿಗೆ ಗೊತ್ತಿರುವ ಆದೇಶ ನಿಮಗೆ ಇನ್ನೂ ಸಿಕ್ಕಿಲ್ಲವೇ? ಅಥವಾ ಅದರಲ್ಲಿ ಯಾವನೋ ದೊಡ್ಡವನ ಹೆಸರಿದೆಯೇ? ನಮ್ಮ ಗೇಟಿನ ಪಕ್ಕದಲ್ಲೇ ಲೇಔಟಿನ ಕಮಾನು ಎದ್ದಿದೆ. ಅದರ ಮುಂದೆ ಹಳ್ಳಿ ಜನ ಬುಟ್ಟಿ ಇಟ್ಟುಕೊಂಡು ನಿಲ್ಲಬಾರದೆಂದು ಯಾರೋ ಹೇಳಿಸಿರಬೇಕೆಂದು ಊರಲ್ಲಿ ಮಾತು. ನನಗೂ ಹಾಗೇ ಅನ್ನಿಸುತ್ತಿದೆ.

ಏಪ್ರಿಲ್ ಕೊನೆಯ ಬಿಸಿಲಿನಲ್ಲಿ ಇವರು "ಈ ಸಲ ಬ್ಯಾಡ ಬಿಡು, ನಡ್ಯಕ್ಕಾಗಲ್ಲ" ಎಂದು ಒಂದು ಸಲ ಡಯಾಲಿಸಿಸ್ ತಪ್ಪಿಸಿದರು. ಭಾನುವಾರದ ಹೊತ್ತಿಗೆ ಕಾಲು ಊದಿ ಉಸಿರು ಸಿಕ್ಕಿಕೊಂಡಿತು. ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದೆವು. ನಾಲ್ಕೈದು ದಿನ ಆಸ್ಪತ್ರೆಯಲ್ಲೇ ಇದ್ದೆವು. ಈಗ ಮನೆಯಲ್ಲಿದ್ದಾರೆ.

ಮೂವತ್ತು ದಿನ ಎಂದೋ ಮುಗಿದಿದೆ. ನಿಮ್ಮ ಮೇಲಿನ ಅಧಿಕಾರಿಗೆ ಮೇಲ್ಮನವಿ ಕಳಿಸಿದ್ದೇನೆ. ಅದರ ಪ್ರತಿ ಇದರಲ್ಲಿದೆ.

ಅರುಣಾ


ಸಾರಿಗೆ ವಿಭಾಗೀಯ ಕಚೇರಿ
6 ಜೂನ್ 2025

ಶ್ರೀಮತಿ ಅರುಣಾ, ಕೋಡಿಪಾಳ್ಯ

ತಾವು ಕೋರಿರುವ ಮಾಹಿತಿಗೆ ಸಂಬಂಧಿಸಿದಂತೆ, ಈ ಕಚೇರಿಯ ಹಾಗೂ ಘಟಕದ ಕಡತಗಳನ್ನು ಪರಿಶೀಲಿಸಲಾಗಿದೆ. ಕೋಡಿಪಾಳ್ಯ ಗೇಟ್ ನಿಲುಗಡೆಯನ್ನು ರದ್ದುಪಡಿಸಿ ಯಾವುದೇ ಆದೇಶ ಹೊರಡಿಸಿರುವುದಿಲ್ಲ. ಆದ್ದರಿಂದ ಆದೇಶದ ಪ್ರತಿಯನ್ನು ಒದಗಿಸಲು ಸಾಧ್ಯವಿರುವುದಿಲ್ಲ.

ಸದರಿ ಮಾರ್ಗದಲ್ಲಿ ಹಾಲಿ ಜಾರಿಯಲ್ಲಿರುವ ನಿಲುಗಡೆಗಳ ಪಟ್ಟಿಯನ್ನು ದೃಢೀಕರಿಸಿ ಲಗತ್ತಿಸಲಾಗಿದೆ.

ದೇವರಾಜ್
ಸಾರ್ವಜನಿಕ ಮಾಹಿತಿ ಅಧಿಕಾರಿ


ಕೋಡಿಪಾಳ್ಯ
11 ಜೂನ್ 2025

ದೇವರಾಜ್ ಅವರಿಗೆ,

"ಇಲ್ಲ" ಅನ್ನುವ ಒಂದು ಮಾತಿಗೆ ನಾಲ್ಕು ತಿಂಗಳು ಬೇಕಾಯಿತೇ? ಅದನ್ನು ಮೊದಲ ದಿನವೇ ಹೇಳಿದ್ದರೆ ನಾನು ಈ ದಾರಿಯಲ್ಲಿ ಬರುತ್ತಲೇ ಇರಲಿಲ್ಲ. ಕೇಳಿದ್ದು ಕೊಡದೆ ಕೇಳದಿದ್ದ ಪಟ್ಟಿಯನ್ನು ಕಳಿಸಿದ್ದೀರಿ. ನಾನು ಅದನ್ನು ಬಿಚ್ಚಿಯೂ ನೋಡಿಲ್ಲ.

ಇನ್ನು ಬರೆಯುವುದಿಲ್ಲ. ಮೇಲ್ಮನವಿಯನ್ನೂ ವಾಪಸ್ಸು ತೆಗೆದುಕೊಳ್ಳುತ್ತೇನೆ. ಆಸ್ಪತ್ರೆ ಹತ್ತಿರ ಒಂದು ಕೋಣೆ ನೋಡಿ ಬಂದಿದ್ದೇನೆ. ಬರುವ ತಿಂಗಳು ಅಲ್ಲಿಗೆ ಹೋಗುತ್ತೇವೆ. ಅಲ್ಲಿ ಮಗ್ಗ ಹಾಕಲು ಜಾಗವಿಲ್ಲ. ಎರಡೂ ಮಗ್ಗಗಳನ್ನು ಬಿಚ್ಚಿಸಿ ಮಾರುವುದೆಂದು ಮಾತಾಗಿದೆ. ಇವರು ಬೆಳಿಗ್ಗೆ ಎದ್ದು ಮಗ್ಗದ ಪಕ್ಕದಲ್ಲಿ ಹೋಗಿ ಕೂರುತ್ತಾರೆ, ಅಷ್ಟೇ.

ಅರುಣಾ


20 ಜೂನ್ 2025

ಅರುಣಾ ಅವರಿಗೆ,

ಇದನ್ನು ಕಚೇರಿಯ ಕಾಗದದಲ್ಲಿ ಬರೆಯುತ್ತಿಲ್ಲ. ನಿಮ್ಮ ಕೊನೆಯ ಪತ್ರ ಅರ್ಜಿಯಲ್ಲ, ಆದ್ದರಿಂದ ನಿಯಮದ ಪ್ರಕಾರ ನಾನು ಉತ್ತರಿಸಬೇಕಾಗಿಲ್ಲ. ಸಲಹೆ ಕೊಡುವುದಂತೂ ನನ್ನ ಕೆಲಸವಲ್ಲ. ಆದರೂ ಕೋಣೆಯ ವಿಷಯ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಜೂನ್ 6ರ ನನ್ನ ಪತ್ರವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಆದೇಶದ ಪ್ರತಿ ಕೊಡುವುದಿಲ್ಲ ಎಂದು ನಾನು ಬರೆದಿಲ್ಲ. ಆದೇಶವೇ ಹೊರಟಿಲ್ಲ ಎಂದು ಬರೆದಿದ್ದೇನೆ. ಜೊತೆಗಿಟ್ಟ ಪಟ್ಟಿಯನ್ನೂ ಬಿಚ್ಚಿ ನೋಡಿ. ಅದರಲ್ಲಿ ಕೋಡಿಪಾಳ್ಯ ಗೇಟ್ ಇದೆ. ನಿಮ್ಮ ನಿಲುಗಡೆಯನ್ನು ಯಾರೂ ರದ್ದು ಮಾಡಿಲ್ಲ. ಅಲ್ಲಿ ನಿಲ್ಲದೆ ಹೋಗುತ್ತಿರುವುದೇ ತಪ್ಪು.

ನಾಲ್ಕು ತಿಂಗಳು ಏಕಾಯಿತು ಎಂದು ಕೇಳಿದ್ದೀರಿ. ಆದೇಶವಿದೆ ಎಂದು ಎಲ್ಲರೂ ಹೇಳಿದರು, ನೋಡಿದ್ದೇನೆ ಎಂದವರು ಒಬ್ಬರೂ ಸಿಗಲಿಲ್ಲ. ಘಟಕದವರು ವಿಭಾಗದಿಂದ ಬಂದಿರಬೇಕು ಎಂದರು. ವಿಭಾಗದಲ್ಲಿ ರಸ್ತೆಯವರು ಬರೆದಿರಬೇಕು ಎಂದರು. ಕೊನೆಗೆ ಆ ಮಾರ್ಗದ ಹಳೆಯ ಡ್ರೈವರೊಬ್ಬರು ಸಿಕ್ಕಿದರು. "ಟಾರ್ ಹಾಕೋ ದಿನ ಕೆಂಪು ಬಾವುಟ ಹಿಡ್ಕಂಡ್ ಒಬ್ಬ ನಿಂತಿದ್ದ ಸಾರ್. ಇಲ್ಲಿ ನಿಲ್ಲಿಸ್ಬೇಡಿ ಅಂದ. ಅವತ್ತಿಂದ ನಿಲ್ಲಿಸ್ಲಿಲ್ಲ" ಎಂದರು. ಬಾವುಟ ಹಿಡಿದವನು ಟಾರು ಆರಿದ ಮೇಲೆ ಹೊರಟುಹೋದ. ನಿಲ್ಲಿಸಿ ಎಂದು ಮತ್ತೆ ಹೇಳುವವರು ಯಾರೂ ಇರಲಿಲ್ಲ. ಒಬ್ಬ ಡ್ರೈವರು ಇನ್ನೊಬ್ಬನಿಗೆ ಹೇಳಿದ್ದು ಆರು ತಿಂಗಳಲ್ಲಿ ಆದೇಶವಾಗಿಬಿಟ್ಟಿತು. ನೀವು ಅನುಮಾನಿಸಿದ ಲೇಔಟಿನವರಿಗೂ ಇದಕ್ಕೂ ಸಂಬಂಧವಿಲ್ಲ.

ಇದೆ ಎಂದು ಬರೆದುಕೊಡಲು ಕಚೇರಿಯಲ್ಲಿ ಯಾರೂ ಹಿಂದೆ ಮುಂದೆ ನೋಡುವುದಿಲ್ಲ, ಕಾಗದವೇ ಸಾಕ್ಷಿ. ಇಲ್ಲ ಎಂದು ಬರೆದುಕೊಡಲು ಎಲ್ಲರಿಗೂ ಹೆದರಿಕೆ. ನಮ್ಮ ಮೇಲಿನವರು ಕರೆದು, "ಏನ್ರೀ ದೇವರಾಜ್, ಇಲ್ಲ ಅಂತ ಬರ್ದ್ಕೊಟ್ರೆ ಇಷ್ಟ್ ದಿನ ಯಾಕ್ ನಿಲ್ಸಿಲ್ಲ ಅಂತ ಕೇಳಲ್ವೇನ್ರೀ? ಪರಿಶೀಲನೆಯಲ್ಲಿದೆ ಅಂತ ಬರ್ದು ಕೈ ತೊಳ್ಕೊಳ್ಳಿ" ಎಂದರು. ಈಯಮ್ಮನ ಹಿಂದೆ ಚುನಾವಣೆಗೆ ನಿಲ್ಲುವವರು ಯಾರೋ ಇದ್ದಾರೆ ಎಂಬ ಮಾತೂ ಬಂತು. ಹಾಗಲ್ಲ ಎಂದು ನನಗೆ ಗೊತ್ತಿತ್ತು. ನಿಮ್ಮ ಮೊದಲ ಅರ್ಜಿಯನ್ನು ನಾನು ಕೊನೆಯ ಸಾಲಿನವರೆಗೂ ಓದಿದ್ದೆ.

ಈ ಕಾಗದವನ್ನು ಯಾರಿಗೂ ತೋರಿಸಬೇಡಿ. ಜೂನ್ 6ರದನ್ನು ಎಲ್ಲರಿಗೂ ತೋರಿಸಿ.

ದೇವರಾಜ್


ಕೋಡಿಪಾಳ್ಯ
5 ಜುಲೈ 2025

ದೇವರಾಜ್ ಸಾರ್,

ಬಸ್ಸು ನಿಂತಿತು. ಮೊದಲು ಅದನ್ನು ಹೇಳಿಬಿಡಬೇಕು ಅನ್ನಿಸಿತು.

ನಿಮ್ಮ ಕಾಗದ ಬಂದ ಮೇಲೆ ಪಟ್ಟಿಯನ್ನು ಬಿಚ್ಚಿ ನೋಡಿದೆ. ನಮ್ಮೂರ ಹೆಸರು ಟೈಪಾಗಿತ್ತು. ಮುಂದಿನ ಮಂಗಳವಾರ ಆ ಪಟ್ಟಿಯನ್ನೂ ಜೂನ್ 6ರ ಪತ್ರವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋದೆ. ಡಯಾಲಿಸಿಸ್ ಮುಗಿಸಿ ಬರುವಾಗ ಅದೇ ಕಂಡಕ್ಟರು. ಇವರು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು.

"ಎಲ್ಲಿಗಕ್ಕಾ? ಕ್ರಾಸಿಗಾ?"

"ಕೋಡಿಪಾಳ್ಯ ಗೇಟಿಗೆ."

"ಎಷ್ಟ್ ಸತಿ ಹೇಳ್ಬೇಕಕ್ಕಾ ನಿಮಗೆ? ಸ್ಟಾಪ್ ಕ್ಯಾನ್ಸಲ್ ಆಗೈತೆ."

"ಆಗಿಲ್ಲ. ನಿಮ್ಮ ಆಫೀಸಿನೋರೇ ಬರ್ದವ್ರೆ, ಓದ್ಕೋ."

ಕಿಟಕಿ ಬೆಳಕಿಗೆ ಹಿಡಿದು ಓದಿದ. ಹಿಂದೆ ತಿರುಗಿಸಿ ನೋಡಿದ. ಆಮೇಲೆ ಡ್ರೈವರ ಹತ್ತಿರ ಹೋದ. ನಾನೂ ಹಿಂದೆಯೇ ಎದ್ದು ಹೋಗಿ ಕಂಬಿ ಹಿಡಿದು ನಿಂತೆ.

"ಸೀಲ್ ಐತಾ?" ಅಂದ ಡ್ರೈವರು, ರಸ್ತೆಯಿಂದ ಕಣ್ಣು ತೆಗೆಯದೆ.

"ಐತೆ ಗುರು. ಸೈನೂ ಐತೆ, ದೇವರಾಜ್ ಅಂತ."

"ನಿಲ್ಸಿದ್ರೆ ಯಾರಾದ್ರೂ ಕೇಳಿದ್ರೆ?"

"ನಿಲ್ಸ್ದಲೇ ಹೋದ್ರೆ ಈಯಕ್ಕ ಕೇಳ್ತಾಳಲ್ಲ!"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಡ್ರೈವರು ಗೇಟ್ ಬಂದಾಗ ಎಡಕ್ಕೆ ತೆಗೆದು ನಿಲ್ಲಿಸಿದ. ಇವರು ಮಾತ್ರ ಏಳಲೇ ಇಲ್ಲ. ಕಣ್ಣು ಬಿಟ್ಟು ಹೊರಗೆ ನೋಡಿ, "ಏನು, ಟ್ರಾಫಿಕ್ಕಾ?" ಅಂದರು. "ಟ್ರಾಫಿಕ್ ಅಲ್ಲ ಯಜಮಾನ್ರೇ, ನಿಮ್ಮ ಸ್ಟಾಪು. ನಿಧಾನಕ್ಕೆ ಇಳೀರಿ" ಎಂದು ಕಂಡಕ್ಟರೇ ತೋಳು ಹಿಡಿದು ಇಳಿಸಿದ. ಬಸ್ಸು ಹೊರಟ ಮೇಲೆ ಇವರು ಅಲ್ಲೇ ನಿಂತು ಸುತ್ತ ನೋಡಿದರು. ನನಗೆ ಅಳು ಬಂತು, ಸೆರಗಿನಲ್ಲಿ ಒರೆಸಿಕೊಂಡೆ.

ಈಗ ಊರಿನವರೆಲ್ಲ ನಿಮ್ಮ ಜೂನ್ 6ರ ಪತ್ರದ ಜೆರಾಕ್ಸ್ ಇಟ್ಟುಕೊಂಡಿದ್ದಾರೆ. ಸೊಪ್ಪು ಮಾರುವ ಅಮ್ಮಯಮ್ಮ ಓದು ಬಾರದವರು. ಅವರೂ ಬೆಳಿಗ್ಗೆ ಬಸ್ಸಿಗೆ ಕೈ ಬದಲು ಆ ಕಾಗದವನ್ನೇ ಅಡ್ಡ ಹಿಡಿಯುತ್ತಾರೆ. ಒಂದೆರಡು ಬಸ್ಸು ಇನ್ನೂ ತಪ್ಪಿಸಿಕೊಂಡು ಹೋಗುತ್ತವೆ, ಉಳಿದವು ನಿಲ್ಲುತ್ತವೆ.

ಕೋಣೆ ಬೇಡವೆಂದೂ ಮಗ್ಗ ಮಾರುವುದಿಲ್ಲವೆಂದೂ ಹೇಳಿ ಕಳಿಸಿದೆ. ನಿಮಗೆ ಬಿರುಸಾಗಿ ಬರೆದಿದ್ದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ಅರುಣಾ


ಸಾರಿಗೆ ವಿಭಾಗೀಯ ಕಚೇರಿ
22 ಜುಲೈ 2025

ಶ್ರೀಮತಿ ಅರುಣಾ, ಕೋಡಿಪಾಳ್ಯ

ತಮ್ಮ 5 ಜುಲೈ ಪತ್ರವನ್ನು ಪರಿಶೀಲಿಸಲಾಗಿ, ಅದರಲ್ಲಿ ಯಾವುದೇ ಮಾಹಿತಿಯನ್ನು ಕೋರಿರುವುದು ಕಂಡುಬಂದಿರುವುದಿಲ್ಲ. ಶ್ರೀ ದೇವರಾಜ್ ಅವರು ವರ್ಗಾವಣೆಗೊಂಡಿದ್ದು, ಪತ್ರವು ಅವರ ಹೆಸರಿಗಿದ್ದರೂ ಕಚೇರಿ ವಿಳಾಸಕ್ಕೆ ಬಂದಿರುವುದರಿಂದ ಕಡತದಲ್ಲಿ ಸೇರಿಸಲಾಗಿದೆ. ಕಡತವನ್ನು ಮುಕ್ತಾಯಗೊಳಿಸಲಾಗಿದೆ.

ಅನಿಲ್‌ಕುಮಾರ್
ಸಾರ್ವಜನಿಕ ಮಾಹಿತಿ ಅಧಿಕಾರಿ


ಕೋಡಿಪಾಳ್ಯ
26 ಜುಲೈ 2025

ಮಾಹಿತಿ ಅಧಿಕಾರಿ ಅನಿಲ್‌ಕುಮಾರ್ ಅವರಿಗೆ,

ನಮೂನೆ ತುಂಬಿದ್ದೇನೆ, ಪೋಸ್ಟಲ್ ಆರ್ಡರ್ ಇಟ್ಟಿದ್ದೇನೆ. ವಿಷಯ ಒಂದೇ.

ಬೇಕಾದ ಮಾಹಿತಿ: ಶ್ರೀ ದೇವರಾಜ್ ಅವರು ಈಗ ಕೆಲಸ ಮಾಡುತ್ತಿರುವ ಕಚೇರಿಯ ವಿಳಾಸ, ಮತ್ತು ನಿಮ್ಮ ಕಡತದಲ್ಲಿರುವ ನನ್ನ 5 ಜುಲೈ ಪತ್ರದ ಪ್ರತಿ. ನನ್ನ ಹತ್ತಿರ ಅದರ ಪ್ರತಿ ಇಲ್ಲ, ಮತ್ತೆ ಹಾಗೆಯೇ ಬರೆಯಲು ಬರುವುದಿಲ್ಲ.

ಅರುಣಾ


ಸಾರಿಗೆ ವಿಭಾಗೀಯ ಕಚೇರಿ
1 ಆಗಸ್ಟ್ 2025

ಶ್ರೀಮತಿ ಅರುಣಾ, ಕೋಡಿಪಾಳ್ಯ

ಕೋರಿದ ವಿಳಾಸವನ್ನೂ ಪತ್ರದ ಪ್ರತಿಯನ್ನೂ ಇದರೊಂದಿಗೆ ಕಳುಹಿಸಲಾಗಿದೆ. ಪ್ರತಿಯ ಶುಲ್ಕವನ್ನು ಪಾವತಿಸುವ ಅಗತ್ಯವಿರುವುದಿಲ್ಲ.

ಅನಿಲ್‌ಕುಮಾರ್
ಸಾರ್ವಜನಿಕ ಮಾಹಿತಿ ಅಧಿಕಾರಿ


19 ಆಗಸ್ಟ್ 2025

ಅರುಣಾ ಅವರಿಗೆ,

ನಿಮ್ಮ ಜುಲೈ ತಿಂಗಳ ಪತ್ರದ ಜೆರಾಕ್ಸ್ ತಲುಪಿತು. ಅದರ ಮೇಲೆ ನಮ್ಮ ಹಳೆಯ ಕಚೇರಿಯ ದೃಢೀಕರಣದ ಸೀಲು ಇತ್ತು. ಇಷ್ಟು ವರ್ಷದ ನೌಕರಿಯಲ್ಲಿ ಸೀಲು ಹಾಕಿದ ಒಳ್ಳೆಯ ಸುದ್ದಿ ನನಗೆ ಬಂದದ್ದು ಇದೇ ಮೊದಲು.

ಜೊತೆಗಿಟ್ಟ ಚೀಟಿಯಲ್ಲಿ, ನಮ್ಮಿಂದಾಗಿಯೇ ನಿಮ್ಮನ್ನು ಅಲ್ಲಿಗೆ ಹಾಕಿದರೇ ಎಂದು ಕೇಳಿದ್ದೀರಿ. ಇದು ವರ್ಗಾವಣೆಯ ಕಾಲ, ಎಷ್ಟೋ ಜನ ಅಲ್ಲಿಂದಿಲ್ಲಿಗೆ ಹೋಗುತ್ತಾರೆ. ನಾನೂ ಹಾಗೆ ಬಂದೆ ಎಂದುಕೊಳ್ಳಿ. ಇಲ್ಲಿ ನನಗೆ ಉಗ್ರಾಣದ ಕೆಲಸ. ಟೈರು, ಬ್ಯಾಟರಿ ಕೇಳಿಕೊಂಡು ಮೆಕ್ಯಾನಿಕ್ಕುಗಳು ಬರುತ್ತಾರೆ. ಇದ್ದರೆ ಇದೆ ಎನ್ನುತ್ತೇನೆ, ಇಲ್ಲದಿದ್ದರೆ ಇಲ್ಲ ಎನ್ನುತ್ತೇನೆ. ಯಾರೂ ಹೆದರುವುದಿಲ್ಲ. ಮನೆ ದೂರವಾಯಿತು, ಅದೊಂದೇ ಬೇಜಾರು. ಭಾನುವಾರ ಹೋಗಿಬರುತ್ತೇನೆ.

ಹೋದ ಸಲ ನಿಮ್ಮ ಪತ್ರವನ್ನು ಮನೆಯಲ್ಲಿ ಹೆಂಡತಿಗೆ ಓದಿ ಹೇಳಿದೆ. ಕೇಳಿ ಮುಗಿದ ಮೇಲೆ, "ಅದ್ ಸರಿ, ಅವ್ರ್ ಈಗ ಹೆಂಗವ್ರೆ?" ಎಂದಳು. ನನಗೆ ಗೊತ್ತಿರಲಿಲ್ಲ. ನೀವು ಅವರನ್ನು ಬಸ್ಸಿನಿಂದ ಇಳಿಸಿದಲ್ಲಿಗೆ ನಿಲ್ಲಿಸಿದ್ದೀರಿ. ಆಮೇಲಿನದನ್ನು ಬರೆದಿಲ್ಲ. ಸಾಧ್ಯವಾದರೆ ತಿಳಿಸಿ. ಅವಸರವೇನಿಲ್ಲ.

ದೇವರಾಜ್


ಕೋಡಿಪಾಳ್ಯ
23 ಆಗಸ್ಟ್ 2025

ದೇವರಾಜ್ ಸಾರ್,

ನಿಮ್ಮ ಕಾಗದ ಇವತ್ತು ಬಂತು, ಇವತ್ತೇ ಬರೆಯುತ್ತಿದ್ದೇನೆ.

ವಾಸಿಯಾಗುತ್ತದೆ ಎಂದು ಡಾಕ್ಟರು ಯಾವತ್ತೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ಆದರೆ ಗೇಟಿನಲ್ಲಿ ಬಸ್ಸು ನಿಲ್ಲತೊಡಗಿದಾಗಿನಿಂದ ಒಂದು ಸಲವೂ ಡಯಾಲಿಸಿಸ್ ತಪ್ಪಿಸಿಲ್ಲ. ಕಾಲಿನ ಊತ ಇಳಿದಿದೆ. ರಾತ್ರಿ ಮಲಗಿ ನಿದ್ದೆ ಮಾಡುತ್ತಾರೆ, ಮೊದಲು ಕೂತೇ ಇರುತ್ತಿದ್ದರು. ಉಪ್ಪು ಕಡಿಮೆಯಾಯಿತೆಂದು ನನ್ನ ಮೇಲೆ ರೇಗುವುದು ಮಾತ್ರ ಹಾಗೇ ಇದೆ.

ನಿನ್ನೆ ಶುಕ್ರವಾರ ನಾನು ಸೀರೆ ಉಡುತ್ತಿದ್ದಾಗ ಬಾಗಿಲಿಗೆ ಬಂದು, "ನೀನ್ ಬರ್ಬೇಡ. ನಾನೇ ಹೋಗ್ಬರ್ತೀನಿ" ಅಂದರು. ಬೇಡವೆಂದೆ. ಕೇಳಲಿಲ್ಲ. ಗೇಟಿನವರೆಗೆ ಹೋಗಿ ಹತ್ತಿಸಿದೆ. ಕಂಡಕ್ಟರಿಗೆ ಹೇಳೋಣವೆಂದರೆ ಇವರು ಕಣ್ಣಲ್ಲೇ ಗದರಿಸಿದರು. ಬಸ್ಸು ಕೆರೆ ಏರಿಯ ಆಚೆ ಮರೆಯಾಗುವವರೆಗೆ ನಿಂತಿದ್ದು ಮನೆಗೆ ಬಂದು ಮಗ್ಗದ ಕೆಲಸಕ್ಕೆ ಕೂತೆ. ದಿನವೆಲ್ಲ ನೂಲು ಕಡಿಯುತ್ತಲೇ ಇತ್ತು, ನನ್ನ ಗಮನವೆಲ್ಲ ಆಸ್ಪತ್ರೆಯಲ್ಲಿತ್ತು.

ಸಂಜೆ ಕರೆದುಕೊಂಡು ಬರೋಣವೆಂದು ಹೊರಟೆ. ಊರ ಅಂಚು ದಾಟುವ ಮೊದಲೇ ಎದುರಿಗೆ ಬರುತ್ತಿದ್ದರು, ಮೆಲ್ಲಗೆ, ಪಕ್ಕದಲ್ಲಿ ಅಮ್ಮಯಮ್ಮ. ಸೊಪ್ಪಿನ ಬೆಲೆ ಹೇಗೆ ಬಿದ್ದುಹೋಗಿದೆ ಎಂದು ಆಕೆ ಹೇಳುತ್ತಿದ್ದರು, ಇವರು ತಲೆ ಅಲ್ಲಾಡಿಸುತ್ತಿದ್ದರು. ಡಯಾಲಿಸಿಸ್ ಸೂಜಿ ಚುಚ್ಚದ ಇವರ ಕೈಯಲ್ಲಿ ಆಕೆಯ ಖಾಲಿ ಬುಟ್ಟಿಯಿತ್ತು.

ಅರುಣಾ